ಯಾವ ಝೋನ್ ಹಾಕೋದು? ಬ್ಯಾಸ್ಕೆಟ್‌ಬಾಲ್ ಡಿಫೆನ್ಸ್ ಆರಿಸೋಕೆ ಒಂದು ಲೆಕ್ಕಾಚಾರ

ವಿಡಿಯೊದಲ್ಲಿ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸಿದ್ದನ್ನ ಇಲ್ಲಿ ಮಾತಿನಲ್ಲೇ ಬರೆದಿದ್ದೀನಿ. ಓದೋವಾಗ ಪಕ್ಕದಲ್ಲಿ ಒಂದು ಹಾಳೆ, ಐದು ನಾಣ್ಯ ಇಟ್ಟುಕೊಂಡ್ರೆ ಇನ್ನೂ ಸುಲಭ.

ಪುಣೆ ಇರಲಿ, ಹೈದರಾಬಾದ್ ಇರಲಿ, ಚೆನ್ನೈ ಇರಲಿ, ಐಟಿ ಕಂಪನಿಗಳ ನಡುವಿನ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟ್ ಅಂದ್ರೆ ಚಿತ್ರ ಹೆಚ್ಚುಕಡಿಮೆ ಒಂದೇ. ನಮ್ಮ ಕಡೆ ಏಳೆಂಟು ಜನ, ಬಹುತೇಕರು ಮೂವತ್ತು ದಾಟಿದವರು. ವಾರಪೂರ್ತಿ ಕುರ್ಚಿ, ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಕೋರ್ಟ್. ಎದುರು ಟೀಮಲ್ಲಿ ಕಾಲೇಜ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗರು, ಯೂನಿವರ್ಸಿಟಿ ಟೀಮಲ್ಲಿ ಆಡಿದವರು. ಮೊದಲನೇ ಕ್ವಾರ್ಟರ್ ಸಮಸಮ ಹೋಗುತ್ತೆ. ಮೂರನೇ ಕ್ವಾರ್ಟರ್ ಹೊತ್ತಿಗೆ ನಮ್ಮವರು ಮಂಡಿ ಮೇಲೆ ಕೈ ಇಟ್ಟು ಏದುಸಿರು ಬಿಡ್ತಿರ್ತಾರೆ. ಆಮೇಲೆ ಶುರು ಕೂಗಾಟ: "ಅವನು ಯಾರ ಮ್ಯಾನ್ ಮಾರಾಯಾ?"

ಆಗ ಬೆಂಚಿನಿಂದ ಯಾರೋ ಒಬ್ಬರು "ಝೋನ್ ಹಾಕ್ರಪ್ಪಾ" ಅಂತಾರೆ. ಐದೂ ಜನ ಹೋಗಿ 2-3ರಲ್ಲಿ ನಿಲ್ತಾರೆ. ಝೋನ್ ಅಂದ್ರೆ ಅದೊಂದೇ ಅನ್ನೋ ಹಾಗೆ. ಎರಡು ನಿಮಿಷದಲ್ಲಿ ಎದುರಿನವರು ಮೂಲೆಯಿಂದ ಎರಡು ತ್ರೀ ಹಾಕ್ತಾರೆ. "ಝೋನ್ ವರ್ಕ್ ಆಗಲ್ಲ ಬಿಡು" ಅಂತ ಮತ್ತೆ ಮ್ಯಾನ್-ಟು-ಮ್ಯಾನ್‌ಗೆ ವಾಪಸ್.

ಇಲ್ಲಿ ತಪ್ಪಿದ್ದು ಝೋನ್ ಅಲ್ಲ, ಅದನ್ನ ಆರಿಸಿದ ರೀತಿ. ಇವತ್ತಿನ ಇಡೀ ಮಾತನ್ನ ಒಂದೇ ಸಾಲಲ್ಲಿ ಹೇಳ್ಬೇಕು ಅಂದ್ರೆ ಹೀಗೆ: ಪ್ರತಿಯೊಂದು ಝೋನ್ ಕೂಡ ಯಾವುದೋ ಒಂದು ಶಾಟನ್ನ ಎದುರಿನವರಿಗೆ ಬಿಟ್ಟುಕೊಡುತ್ತೆ. ಇವತ್ತಿನ ಈ ಎದುರಾಳಿಗೆ ಯಾವ ಶಾಟ್ ಬಿಟ್ಟರೆ ನಮಗೆ ಕಮ್ಮಿ ನಷ್ಟ ಅಂತ ತೀರ್ಮಾನ ಮಾಡೋದೇ ಝೋನ್ ಆರಿಸೋದು.

ಮೊದಲು ಲೆಕ್ಕ: ಎಷ್ಟು ಜಾಗ, ಎಷ್ಟು ಜನ

ಮ್ಯಾನ್-ಟು-ಮ್ಯಾನ್‌ನಲ್ಲಿ ನಿಮಗೆ ಒಬ್ಬ ಆಟಗಾರನನ್ನ ಒಪ್ಪಿಸಿರ್ತಾರೆ. ಅವನು ಎಲ್ಲಿ ಹೋದ್ರೂ ನೀವು ಹಿಂದೆ. ಝೋನ್‌ನಲ್ಲಿ ನಿಮಗೆ ಒಂದು ಜಾಗ ಒಪ್ಪಿಸಿರ್ತಾರೆ. ಅಲ್ಲಿಗೆ ಯಾರು ಬಂದ್ರೂ ಅವರು ನಿಮ್ಮವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೊದಲನೆಯದು ಟಿಕೆಟ್ ಅಸೈನ್ ಮಾಡೋ ಪದ್ಧತಿ, ಎರಡನೆಯದು ಮಾಡ್ಯೂಲ್ ಓನರ್‌ಶಿಪ್. ಓನರ್‌ಶಿಪ್ ಇರೋ ಕಡೆ ಹ್ಯಾಂಡ್‌ಓವರ್ ಸರಿಯಾಗಿ ಆಗದಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅರ್ಧ ಕೋರ್ಟ್ ಅಂದ್ರೆ 210 ಚದರ ಮೀಟರ್. ಐದು ಜನರಿಗೆ ಹಂಚಿದ್ರೆ ತಲೆಗೆ 42. ಇಷ್ಟು ಜಾಗವನ್ನ ಒಬ್ಬ ಮನುಷ್ಯ ಕಾಯೋದು ಆಗದ ಮಾತು. ಅದಕ್ಕೇ ತ್ರೀ-ಪಾಯಿಂಟ್ ಗೆರೆಯ ಒಳಗಿನದ್ದನ್ನ ಮಾತ್ರ ನೋಡೋಣ. ಆ ಗೆರೆ ರಿಂಗ್‌ನಿಂದ 6.75 ಮೀಟರ್ ದೂರ, ಮೂಲೆಗಳಲ್ಲಿ 6.60. ಅದರೊಳಗಿನ ಜಾಗ ಲೆಕ್ಕ ಹಾಕಿದ್ರೆ ಸುಮಾರು 92 ಚದರ ಮೀಟರ್. ತಲೆಗೆ ಹದಿನೆಂಟು ಚಿಲ್ಲರೆ. ಅಂದ್ರೆ ಸುಮಾರು ಒಂದು 2ಬಿಎಚ್‌ಕೆ ಫ್ಲಾಟಿನ ಹಾಲ್‌ನಷ್ಟು. ಅಷ್ಟನ್ನ ಒಬ್ಬರು ಕಾಯಬಹುದು. ಆದ್ರೆ ಗೆರೆಯ ಆಚೆ ಕಾಲಿಟ್ಟು ಶೂಟ್ ಮಾಡೋರನ್ನೂ ತಡೀಬೇಕು ಅಂದ ತಕ್ಷಣ ಲೆಕ್ಕ ತಪ್ಪುತ್ತೆ, ಎಲ್ಲೋ ಒಂದು ಕಡೆ ತೂತು ಬೀಳುತ್ತೆ. ಎಲ್ಲಾ ಝೋನ್‌ಗಳ ಸಮಸ್ಯೆಯೂ ಇದೇ. ತೂತು ಎಲ್ಲಿರಬೇಕು ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

ನಿಯಮದ ಬಗ್ಗೆ ಎರಡು ಮಾತು. ಎನ್‌ಬಿಎದಲ್ಲಿ 2001-02ರ ಸೀಸನ್‌ವರೆಗೆ ಝೋನ್ ಹಾಕೋ ಹಾಗೇ ಇರಲಿಲ್ಲ. ಆಗ ಬಿಟ್ಟುಕೊಟ್ಟರೂ ಜೊತೆಗೆ ಒಂದು ಷರತ್ತು ಹಾಕಿದ್ರು: ಡಿಫೆನ್ಸ್ ಮಾಡೋನು ಹತ್ತಿರ ಯಾರನ್ನೂ ಕಾಯದೆ ಪೇಂಟ್‌ನಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಅಂತರರಾಷ್ಟ್ರೀಯ ನಿಯಮದಲ್ಲಿ ಡಿಫೆನ್ಸ್‌ಗೆ ಆ ಷರತ್ತಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಆಡೋದು ಈ ನಿಯಮದಲ್ಲೇ. ಹಾಗಾಗಿ ನಿಮ್ಮ ಟೀಮಿನ ಎತ್ತರದ ಮನುಷ್ಯ ರಿಂಗ್ ಕೆಳಗೆ ಆರಾಮಾಗಿ ನಿಲ್ಲಬಹುದು. ಟಿವಿಯಲ್ಲಿ ಎನ್‌ಬಿಎ ನೋಡಿ "ಮೂರು ಸೆಕೆಂಡ್, ಮೂರು ಸೆಕೆಂಡ್" ಅಂತ ಕೂಗೋರಿಗೆ ಇದನ್ನ ನಿಧಾನವಾಗಿ ತಿಳಿಸಿ.

2-3: ಒಳಗೆ ಬಾಗಿಲು ಹಾಕಿ, ಮೂಲೆ ತೆರೆದಿಡೋದು

ಝೋನ್ ಹೆಸರಲ್ಲಿ ಅಂಕಿಗಳನ್ನ ಮೇಲಿನಿಂದ ಕೆಳಗೆ ಎಣಿಸ್ತಾರೆ. ಮೇಲೆ ಅಂದ್ರೆ ಅರ್ಧ ಕೋರ್ಟ್ ಗೆರೆಯ ಕಡೆ, ಕೆಳಗೆ ಅಂದ್ರೆ ರಿಂಗ್ ಕಡೆ. 2-3ರಲ್ಲಿ ಇಬ್ಬರು ಗಾರ್ಡ್‌ಗಳು ಮೇಲೆ, ಮೂವರು ಬೇಸ್‌ಲೈನ್ ಕಡೆ.

ಇದರ ಗುಣ ಏನಂದ್ರೆ ರಿಂಗ್ ಹತ್ತಿರ ಯಾವಾಗಲೂ ಮೂರು ಜನ. ಲೇಅಪ್ ಕಷ್ಟ, ಪೋಸ್ಟ್ ಆಟ ಕಷ್ಟ, ರಿಬೌಂಡ್‌ಗೆ ಜನ ಇರ್ತಾರೆ. ಓಟವೂ ಕಮ್ಮಿ. ಒಂದು ತೂತು ಎರಡೂ ಮೂಲೆಗಳಲ್ಲಿ, ಇನ್ನೊಂದು ಫ್ರೀ ಥ್ರೋ ಗೆರೆಯ ಸುತ್ತಮುತ್ತ, ಅಂದ್ರೆ ಹೈ ಪೋಸ್ಟ್‌ನಲ್ಲಿ.

ಚಲನೆ ಹೀಗೆ. ಬಾಲ್ ವಿಂಗ್‌ಗೆ ಹೋದ್ರೆ ಆ ಕಡೆಯ ಗಾರ್ಡ್ ಹೊರಗೆ ಹೋಗ್ತಾನೆ, ಇನ್ನೊಬ್ಬ ಗಾರ್ಡ್ ಹೈ ಪೋಸ್ಟ್‌ಗೆ ಇಳೀತಾನೆ. ಬಾಲ್ ಮೂಲೆಗೆ ಹೋದ್ರೆ ಆ ಕಡೆಯ ಕೆಳಗಿನವನು ಮೂಲೆಗೆ, ನಡುವಿನ ಸೆಂಟರ್ ಅವನು ಬಿಟ್ಟ ಜಾಗಕ್ಕೆ, ಆ ಕಡೆಯವನು ರಿಂಗ್ ಕೆಳಕ್ಕೆ. ಐದೂ ಜನ ಒಂದೇ ದಾರಕ್ಕೆ ಕಟ್ಟಿದ ಹಾಗೆ ಸರೀಬೇಕು. ಒಬ್ಬ ನಿಂತ್ರೆ ದಾರ ತುಂಡಾಯ್ತು.

2-3 ಅಂದ ತಕ್ಷಣ ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ನೆನಪಾಗೋ ಹೆಸರು ಸಿರಾಕ್ಯೂಸ್ ಯೂನಿವರ್ಸಿಟಿಯ ಕೋಚ್ ಜಿಮ್ ಬೋಹೈಮ್. 1976ರಿಂದ 2023ರವರೆಗೆ ಅದೇ ಟೀಮಿಗೆ ಹೆಡ್ ಕೋಚ್ ಆಗಿದ್ದವರು. 2003ರಲ್ಲಿ ಇದೇ ಝೋನ್ ಆಡಿ ಎನ್‌ಸಿಎಎ ಚಾಂಪಿಯನ್ ಆದ್ರು. ಆ ಫೈನಲ್‌ನ ಕೊನೆ ಸೆಕೆಂಡುಗಳನ್ನ ಒಮ್ಮೆ ನೋಡಿ. ಕಾನ್ಸಸ್ ಮೂರು ಪಾಯಿಂಟ್ ಹಿಂದೆ. ಸಮ ಮಾಡೋಕೆ ಅವರು ಹುಡುಕಿದ ಶಾಟ್ ಯಾವುದು? ಮೂಲೆಯ ತ್ರೀ. 2-3ರ ತೂತು ಎಲ್ಲಿದೆಯೋ ಅಲ್ಲೇ. ಮೈಕಲ್ ಲೀ ಶೂಟ್ ಮಾಡೋಕೆ ಕೈ ಎತ್ತಿದಾಗ ಹಕೀಮ್ ವಾರಿಕ್ ಒಳಗಿನಿಂದ ಓಡಿ ಬಂದು ಬ್ಲಾಕ್ ಮಾಡಿದ. 81-78ಕ್ಕೆ ಸಿರಾಕ್ಯೂಸ್ ಗೆದ್ದಿತು.

ಇಲ್ಲಿ ಕಲಿಯೋದು ಏನು? ಚಾಂಪಿಯನ್ ಟೀಮಿನ ಝೋನ್‌ನಲ್ಲೂ ತೂತು ಅಲ್ಲೇ ಇರುತ್ತೆ. ಅವರ ಹತ್ರ ಉದ್ದ ಕೈಯ, ಬೇಗ ಓಡೋ ವಾರಿಕ್ ಇದ್ದ. ನಿಮ್ಮ ಟೀಮಲ್ಲಿ ಕೆಳಗೆ ನಿಂತಿರೋ ಮೂವರು ಮೂಲೆಗೆ ಓಡಿಹೋಗಿ ವಾಪಸ್ ಬರಬಲ್ಲರಾ? ಇದಕ್ಕೆ ಉತ್ತರ "ಇಲ್ಲ" ಅಂತಾದ್ರೆ ಮೂಲೆಯಲ್ಲಿ ಒಳ್ಳೆ ಶೂಟರ್ ಇರೋ ಟೀಮ್ ಎದುರು 2-3 ಬೇಡ.

3-2: ಹೊರಗಿನ ಶೂಟರ್‌ಗಳಿಗೆ ಗೋಡೆ

ಮೂವರು ಮೇಲೆ ಸಾಲಾಗಿ, ಇಬ್ಬರು ಕೆಳಗೆ. ಮೇಲಿನಿಂದ ಮತ್ತು ಎರಡೂ ವಿಂಗ್‌ಗಳಿಂದ ತ್ರೀ ಹಾಕೋ ಟೀಮಿಗೆ ಇದು ಮದ್ದು. ಬಾಲ್ ಕಿತ್ತುಕೊಂಡ್ರೆ ಮೂರು ಜನ ಆಗಲೇ ಮುಂದಿರ್ತಾರೆ, ಫಾಸ್ಟ್ ಬ್ರೇಕ್ ಬೇಗ ಹೊರಡುತ್ತೆ.

ಬೆಲೆ ಏನು? ರಿಂಗ್ ಹತ್ತಿರ ಇಬ್ಬರೇ. ಬಾಲ್ ಮೂಲೆಗೆ ಹೋದ್ರೆ ಕೆಳಗಿನ ಒಬ್ಬ ಹೊರಗೆ ಹೋಗ್ಬೇಕು. ಆಗ ರಿಂಗ್ ಕೆಳಗೆ ಉಳಿಯೋದು ಒಬ್ಬ. ಮೇಲಿನ ನಡುವಿನವನು ಓಡಿ ಬಂದು ಆ ಜಾಗ ತುಂಬದಿದ್ರೆ ಲೋ ಪೋಸ್ಟ್‌ನಲ್ಲಿ ಎದುರಿನವರಿಗೆ ಹಬ್ಬ. ಹಾಗಾಗಿ 3-2ರಲ್ಲಿ ಮೇಲಿನ ಮೂವರಲ್ಲಿ ನಡುವಿನವನೇ ಮುಖ್ಯ. ಅವನು ಎತ್ತರ ಇರಬೇಕು, ಓಡಬೇಕು, ಹಿಂದೆ ಏನಾಗ್ತಿದೆ ಅಂತ ಕೇಳಿಸಿಕೊಳ್ಳೋ ಕಿವಿಯೂ ಇರಬೇಕು. ಎದುರು ಟೀಮಲ್ಲಿ ಬಲಿಷ್ಠ ಸೆಂಟರ್ ಇದ್ರೆ 3-2 ಯೋಚನೆಯನ್ನೇ ಬಿಡಿ.

ಇದರ ತಮ್ಮ 1-2-2. ಮೇಲಿನವನು ಇನ್ನೂ ಮುಂದೆ ಹೋಗಿ ಬಾಲ್ ತರೋನನ್ನ ತಡವಾಗಿಸ್ತಾನೆ. ಎದುರು ಟೀಮಿಗೆ ಬಾಲ್ ತರೋನು ಒಬ್ಬನೇ ಇದ್ದು, ಅವನ ಮೇಲೇ ಇಡೀ ಆಟ ನಿಂತಿದ್ರೆ ಪ್ರಯೋಜನ.

1-3-1: ಬಲೆ ಬೀಸೋದು

ಒಬ್ಬ ಮೇಲೆ, ಮೂವರು ಫ್ರೀ ಥ್ರೋ ಗೆರೆಯ ಮಟ್ಟದಲ್ಲಿ ಅಡ್ಡಲಾಗಿ, ಒಬ್ಬ ಬೇಸ್‌ಲೈನ್‌ನಲ್ಲಿ. ಇದು ಕಾಯೋ ಝೋನ್ ಅಲ್ಲ, ಬೇಟೆ ಆಡೋ ಝೋನ್. ಮೇಲಿನವನು ಬಾಲ್ ಇರೋನನ್ನ ಒಂದು ಪಕ್ಕಕ್ಕೆ ತಳ್ಳಿಕೊಂಡು ಹೋಗ್ತಾನೆ, ವಿಂಗ್‌ನವನು ಬಂದು ಇಬ್ಬರೂ ಸೇರಿ ಟ್ರ್ಯಾಪ್ ಮಾಡ್ತಾರೆ. ಗಾಬರಿಯಲ್ಲಿ ಅವನು ಮೇಲೆ ಎಸೆದ ಪಾಸ್ ನಿಮ್ಮ ಕೈಗೆ. ಕೋಚ್ ಜಾನ್ ಬೈಲೈನ್ ವೆಸ್ಟ್ ವರ್ಜೀನಿಯಾದಲ್ಲಿದ್ದಾಗ ಈ ಝೋನ್‌ನಿಂದಲೇ ಹೆಸರು ಮಾಡಿದ್ರು.

ತೂತುಗಳು: ಎರಡೂ ಮೂಲೆಗಳು, ಕೋರ್ಟಿನ ಈ ಬದಿಯಿಂದ ಆ ಬದಿಗೆ ಎಸೆಯೋ ಉದ್ದ ಪಾಸ್, ಮತ್ತು ರಿಬೌಂಡ್. ಬೇಸ್‌ಲೈನ್‌ನ ಒಬ್ಬನೇ ಮನುಷ್ಯ ಈ ಮೂಲೆಯಿಂದ ಆ ಮೂಲೆಗೆ ಓಡ್ತಾನೇ ಇರಬೇಕು. ಅವನು ಟೀಮಿನ ಅತಿ ಎತ್ತರದವನಾಗೋದಕ್ಕಿಂತ ಅತಿ ದಮ್ಮಿರೋನು ಆಗಿರಬೇಕು. ಹೊಸಬರು ಎತ್ತರದ ಸೆಂಟರನ್ನೇ ಅಲ್ಲಿ ನಿಲ್ಲಿಸ್ತಾರೆ. ಐದು ನಿಮಿಷಕ್ಕೆ ಅವನ ಕಥೆ ಮುಗೀತು.

ನಮ್ಮಂಥ ಟೀಮುಗಳು ಇಡೀ ಮ್ಯಾಚ್ 1-3-1 ಆಡೋದು ಕಷ್ಟ. ಆದ್ರೆ ಎರಡು ಮೂರು ನಿಮಿಷಕ್ಕೆ ಇದು ಒಳ್ಳೆ ಆಯುಧ. ಎದುರಿನವರು ಟೈಮ್‌ಔಟ್ ಮುಗಿಸಿ 2-3 ಒಡೆಯೋ ಪ್ಲಾನ್ ಇಟ್ಟುಕೊಂಡು ಬಂದಾಗ, ಎರಡು ಪೊಸೆಷನ್ ಇದನ್ನ ಹಾಕಿ ನೋಡಿ. ಅವರು ಮತ್ತೆ ಯೋಚನೆ ಮಾಡೋ ಹೊತ್ತಿಗೆ ನೀವು ವಾಪಸ್ 2-3ಗೆ ಬಂದಿರ್ತೀರಿ.

2-1-2: ಹೈ ಪೋಸ್ಟ್‌ಗೆ ಬೀಗ

2-3ರ ಸೆಂಟರನ್ನ ಎರಡು ಹೆಜ್ಜೆ ಮೇಲೆ, ಪೇಂಟಿನ ನಡುಮಧ್ಯಕ್ಕೆ ತಂದ್ರೆ 2-1-2. ಎದುರಿನವರು ಫ್ರೀ ಥ್ರೋ ಗೆರೆ ಹತ್ತಿರ ಬಾಲ್ ಹಿಡಿದು ಅಲ್ಲಿಂದ ಎಲ್ಲಾ ಕಡೆ ಪಾಸ್ ಹಂಚ್ತಿದ್ರೆ ಇಷ್ಟು ಬದಲಾವಣೆ ಸಾಕಾಗಬಹುದು. ಮೂಲೆ, ಬೇಸ್‌ಲೈನ್ ಇನ್ನಷ್ಟು ತೆರೆಯುತ್ತೆ ಅನ್ನೋದು ಇದರ ಬೆಲೆ. ಟೈಮ್‌ಔಟ್ ಬೇಡ, ಹೊಸ ಪಾಠ ಬೇಡ, "ಎರಡು ಹೆಜ್ಜೆ ಮೇಲೆ ಬಾ" ಅಂದ್ರೆ ಆಯ್ತು.

ಬಾಕ್ಸ್-ಅಂಡ್-ಒನ್: ಒಬ್ಬನೇ ಹೊಡೀತಿದ್ದಾಗ

ನಾಲ್ವರು ಚೌಕವಾಗಿ ನಿಂತು ಝೋನ್, ಐದನೆಯವನು ಎದುರು ಟೀಮಿನ ಸ್ಟಾರ್‌ಗೆ ಅಂಟಿಕೊಂಡೇ ಇರ್ತಾನೆ. ಇದನ್ನ ಸ್ಕೂಲ್ ಮಕ್ಕಳ ಡಿಫೆನ್ಸ್ ಅಂತ ನಗೋರಿದ್ರು. 2019ರ ಎನ್‌ಬಿಎ ಫೈನಲ್ಸ್‌ನ ಎರಡನೇ ಮ್ಯಾಚಲ್ಲಿ ಟೊರೊಂಟೊ ಕೋಚ್ ನಿಕ್ ನರ್ಸ್ ಇದನ್ನ ಸ್ಟೆಫ್ ಕರಿ ಮೇಲೆ ಹಾಕಿದ್ರು. ಕೆವಿನ್ ಡುರಾಂಟ್ ಗಾಯದಿಂದ ಹೊರಗಿದ್ದ, ಕ್ಲೇ ಥಾಂಪ್ಸನ್ ಅದೇ ಮ್ಯಾಚಲ್ಲಿ ಗಾಯಗೊಂಡು ಹೊರಗೆ ಹೋಗಿದ್ದ. ಅಂದ್ರೆ ಶೂಟ್ ಮಾಡೋನು ಕರಿ ಒಬ್ಬನೇ. ಕೊನೆಯಲ್ಲಿ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಗೋಲ್ಡನ್ ಸ್ಟೇಟ್‌ಗೆ ಒಂದು ಪಾಯಿಂಟೂ ಬರಲಿಲ್ಲ.

ಆದ್ರೆ ಕೊನೆ ಸೆಕೆಂಡುಗಳಲ್ಲಿ ಏನಾಯ್ತು? ಎಲ್ಲರ ಗಮನ ಕರಿ ಮೇಲೆ. ಆ ಕಡೆ ಆಂಡ್ರೆ ಇಗುಡಾಲ ಒಬ್ಬನೇ ನಿಂತಿದ್ದ. ಬಾಲ್ ಅವನಿಗೆ ಹೋಯ್ತು, ತ್ರೀ ಬಿತ್ತು, 109-104ಕ್ಕೆ ಗೋಲ್ಡನ್ ಸ್ಟೇಟ್ ಆ ಮ್ಯಾಚ್ ಗೆದ್ದಿತು. ಸರಣಿಯನ್ನ ಕೊನೆಗೆ ಟೊರೊಂಟೊ 4-2ರಿಂದ ಗೆದ್ದಿತು ಅನ್ನೋದು ಬೇರೆ. ಬಾಕ್ಸ್-ಅಂಡ್-ಒನ್‌ನ ಬೆಲೆ ಅದೇ: ಉಳಿದ ನಾಲ್ವರಲ್ಲಿ ಯಾರಿಗೋ ತೆರೆದ ಶಾಟ್ ಸಿಗುತ್ತೆ. ಆ "ಯಾರೋ" ಶೂಟ್ ಮಾಡಬಲ್ಲವನಾ ಅಂತ ಮೊದಲೇ ಗೊತ್ತಿರಬೇಕು. ಶೂಟರ್ ಒಬ್ಬನೇ ಇದ್ರೆ ಹಾಕಿ, ಇಬ್ಬರಿದ್ರೆ ಹಾಕಬೇಡಿ.

ಇನ್ನು ಮ್ಯಾಚ್‌ಅಪ್ ಝೋನ್ ಅಂತ ಒಂದಿದೆ: ನೋಡೋಕೆ ಝೋನ್, ಬಾಲ್ ಹತ್ರ ಬಂದ ತಕ್ಷಣ ಮ್ಯಾನ್-ಟು-ಮ್ಯಾನ್. ಟೆಂಪಲ್ ಯೂನಿವರ್ಸಿಟಿಯ ಜಾನ್ ಚೇನಿ ಇದರಲ್ಲಿ ಪಳಗಿದ ಕೋಚ್. ದಿನಾ ಪ್ರಾಕ್ಟೀಸ್ ಮಾಡೋ ಟೀಮಿಗೆ ಅದ್ಭುತ. ವಾರಕ್ಕೊಮ್ಮೆ ಸೇರೋ ನಮಗೆ ಗೊಂದಲವೇ ಗತಿ.

ಹಾಗಾದ್ರೆ ಆರಿಸೋದು ಹೇಗೆ? ಮೂರು ಪ್ರಶ್ನೆ

ಒಂದನೇ ಪ್ರಶ್ನೆ: ಎದುರಿನವರಿಗೆ ಪಾಯಿಂಟ್ ಎಲ್ಲಿಂದ ಬರ್ತಿದೆ?

ಬೆಂಚಲ್ಲಿ ಕೂತಿರೋ ಒಬ್ಬರಿಗೆ ಪೆನ್ನು, ಹಾಳೆ ಕೊಡಿ. ಅರ್ಧ ಕೋರ್ಟಿನ ಚಿತ್ರ ಬರೆದು, ಎದುರಿನವರ ಪ್ರತಿ ಶಾಟ್ ಎಲ್ಲಿಂದ ಅಂತ ಗುರುತು ಹಾಕಲಿ. ಹೋದದ್ದಕ್ಕೆ ಸೊನ್ನೆ, ಬಿದ್ದದ್ದಕ್ಕೆ ಗುಣಿಸು ಚಿಹ್ನೆ, ಪಕ್ಕದಲ್ಲಿ ಜರ್ಸಿ ನಂಬರ್. ಮೊದಲ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಹದಿನೈದು ಗುರುತು ಸಿಕ್ರೆ ಚಿತ್ರ ಸಾಕಷ್ಟು ಮಾತಾಡುತ್ತೆ.

ಈಗ ಸಣ್ಣ ಗಣಿತ. ರಿಂಗ್ ಕೆಳಗಿನ ಶಾಟ್ ನೂರಕ್ಕೆ ಅರವತ್ತು ಬೀಳುತ್ತೆ ಅಂದುಕೊಳ್ಳಿ. ಒಂದು ಪ್ರಯತ್ನಕ್ಕೆ 1.2 ಪಾಯಿಂಟ್. ನಡು ದೂರದ ಶಾಟ್ ನೂರಕ್ಕೆ ಮೂವತ್ತೈದು, 0.7 ಪಾಯಿಂಟ್. ತ್ರೀ ನೂರಕ್ಕೆ ಇಪ್ಪತ್ತೈದು ಬಿದ್ರೆ 0.75, ಮೂವತ್ತೈದು ಬಿದ್ರೆ 1.05. ನಮ್ಮ ಮಟ್ಟದ ಟೂರ್ನಮೆಂಟಲ್ಲಿ ಓಡ್ತಾ ಓಡ್ತಾ ಹಾಕೋ ತ್ರೀ ಬಹುತೇಕರಿಗೆ ನಾಲ್ಕಕ್ಕೆ ಒಂದು ಬಿದ್ರೆ ದೊಡ್ಡದು. ಹಾಗಾಗಿ ಏನೂ ಮಾಹಿತಿ ಇಲ್ಲದಾಗ 2-3ರಿಂದ ಶುರು ಮಾಡೋದು ತಪ್ಪಲ್ಲ: 1.2ರ ಶಾಟ್ ಮುಚ್ಚಿ 0.75ರ ಶಾಟ್ ಬಿಡ್ತಿದ್ದೀರಿ. ಆದ್ರೆ ಎದುರು ಟೀಮಲ್ಲಿ ನಿಜವಾದ ಶೂಟರ್ ಇಬ್ಬರಿದ್ರೆ ಆ ಲೆಕ್ಕ ತಲೆಕೆಳಗಾಗುತ್ತೆ, 3-2ಗೆ ಹೋಗ್ಬೇಕು.

ಎರಡು ತ್ರೀ ಬಿದ್ದ ತಕ್ಷಣ ಝೋನ್ ಬದಲಿಸೋ ಅಭ್ಯಾಸ ಬಿಡಿ. ನಾಲ್ಕಕ್ಕೆ ಒಂದು ಹಾಕೋನು ಸಾಲಾಗಿ ಎರಡು ಹಾಕೋ ಸಾಧ್ಯತೆ ಹದಿನಾರರಲ್ಲಿ ಒಂದು. ಒಂದು ಮ್ಯಾಚಲ್ಲಿ ಇಪ್ಪತ್ತು ತ್ರೀ ಪ್ರಯತ್ನ ಆದ್ರೆ ಎಲ್ಲೋ ಒಂದು ಕಡೆ ಜೋಡಿ ಬಿದ್ದೇ ಬೀಳಬಹುದು. ಶಾಟ್ ಬಿತ್ತಾ ಅಂತಲ್ಲ, ಹಾಕಿದವರು ಯಾರು, ಕಾಲು ಊರಿ ನಿಂತು ಹಾಕಿದ್ನಾ, ಅದೇ ಜಾಗದಿಂದ ಮತ್ತೆ ಮತ್ತೆ ಸಿಗ್ತಿದೆಯಾ ಅಂತ ನೋಡಿ. ಅದೇ ಮನುಷ್ಯ, ಅದೇ ಜಾಗ, ಮೂರನೇ ಸಲ ಅಂದ್ರೆ ಅದು ಅದೃಷ್ಟ ಅಲ್ಲ. ಆಗ ಬದಲಿಸಿ.

ಎರಡನೇ ಪ್ರಶ್ನೆ: ನಮ್ಮಲ್ಲಿ ಯಾರಿದ್ದಾರೆ?

ಎತ್ತರದವರು ಇಬ್ಬರು ಮೂವರಿದ್ದು ಓಟ ಕಮ್ಮಿ ಇದ್ರೆ 2-3. ಎತ್ತರದವರಿಲ್ಲ, ಆದ್ರೆ ಓಡೋರು ಮೂವರಿದ್ರೆ 3-2 ಅಥವಾ 1-2-2. ಉದ್ದ ಕೈಯವರಿದ್ದು ಬೆಂಚಲ್ಲಿ ಬದಲಿ ಜನರೂ ಸಾಕಷ್ಟಿದ್ರೆ ಆಗಾಗ 1-3-1. ಇನ್ನೊಂದು ವಿಷಯ: ಮೇಲಿನ ಇಬ್ಬರು ಅಂದ್ರೆ ಕುಳ್ಳಗಿನ ಗಾರ್ಡ್‌ಗಳೇ ಆಗ್ಬೇಕು ಅಂತಿಲ್ಲ. 2020ರಲ್ಲಿ ಮಿಯಾಮಿ ಹೀಟ್ ತಮ್ಮ ಝೋನ್‌ನಲ್ಲಿ ಉದ್ದ ಕೈಯ ವಿಂಗ್ ಆಟಗಾರರನ್ನೇ ಮೇಲೆ ನಿಲ್ಲಿಸಿ ಬೋಸ್ಟನ್‌ಗೆ ತಲೆನೋವು ತಂದಿತು. ಪಾಸ್ ಹುಟ್ಟೋದೇ ಮೇಲೆ. ಅಲ್ಲೇ ಕೈ ಅಡ್ಡ ಬಂದ್ರೆ ಕೆಳಗಿನವರಿಗೆ ಅರ್ಧ ಕೆಲಸ ಕಮ್ಮಿ.

ವಯಸ್ಸಾಯ್ತು ಅನ್ನೋರಿಗೆ 2011ರ ಡಲ್ಲಾಸ್ ಟೀಮ್ ನೆನಪಿಸ್ತೀನಿ. ಗಾರ್ಡ್ ಜೇಸನ್ ಕಿಡ್‌ಗೆ ಆಗ 38 ವರ್ಷ. ಎದುರು ಲೆಬ್ರಾನ್, ವೇಡ್, ಬಾಶ್ ಇದ್ದ ಮಿಯಾಮಿ. ಇಡೀ ಸರಣಿ ಅವರ ಜೊತೆ ಓಟದ ಪಂದ್ಯ ಕಟ್ಟೋದು ಅಸಾಧ್ಯ. ಡಲ್ಲಾಸ್ ಮ್ಯಾನ್-ಟು-ಮ್ಯಾನ್ ನಡುವೆ ಝೋನ್ ಬೆರೆಸಿ, ಎದುರಿನವರು ನುಗ್ಗೋ ದಾರಿ ಮುಚ್ಚಿ, ಹೊರಗಿಂದ ಶೂಟ್ ಮಾಡೋ ಹಾಗೆ ಮಾಡಿತು. 4-2ರಿಂದ ಫೈನಲ್ಸ್ ಗೆದ್ದಿತು. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅನ್ನೋ ತೀರ್ಮಾನ ಕಾಲಿನ ಓಟದಷ್ಟೇ ಬೆಲೆ ಬಾಳುತ್ತೆ.

ಮೂರನೇ ಪ್ರಶ್ನೆ: ಸ್ಕೋರ್ ಎಷ್ಟು, ಗಡಿಯಾರ ಎಷ್ಟು?

ನೀವು ಮುಂದಿದ್ದೀರಿ ಅಂದ್ರೆ 2-3 ಸರಿ, ಅದು ಎದುರಿನವರ ಸಮಯ ತಿನ್ನುತ್ತೆ. ಕೊನೆ ಎರಡು ನಿಮಿಷ, ನೀವು ಆರು ಪಾಯಿಂಟ್ ಹಿಂದೆ ಅಂದ್ರೆ ಹಿಂದೆ ನಿಂತು ಕಾಯೋ ಝೋನ್ ಬೇಡವೇ ಬೇಡ. ಬಾಲ್ ಬೇಕು ಅಂದ್ರೆ 1-3-1 ಅಥವಾ ಮ್ಯಾನ್-ಟು-ಮ್ಯಾನ್ ಒತ್ತಡ. ಇನ್ನೊಂದು, ಟೂರ್ನಮೆಂಟಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಇದೆಯಾ ಅಂತ ಮೊದಲೇ ಕೇಳಿ. ಎಷ್ಟೋ ಸಣ್ಣ ಟೂರ್ನಮೆಂಟುಗಳಲ್ಲಿ ಇರೋದಿಲ್ಲ. ಶಾಟ್ ಕ್ಲಾಕ್ ಇಲ್ಲದಿದ್ರೆ ಮುಂದಿರೋ ಟೀಮ್ ಬಾಲ್ ಸುತ್ತಾಡಿಸ್ತಾನೇ ಇರಬಹುದು, ನೀವು ಝೋನ್‌ನಲ್ಲಿ ನಿಂತು ನೋಡ್ತಾನೇ ಇರಬೇಕಾಗುತ್ತೆ.

ಯಾವ ಝೋನ್ ಆದ್ರೂ ಕೆಡೋದು ಇಲ್ಲಿ

ಮೊದಲನೆಯದು ರಿಬೌಂಡ್. ಮ್ಯಾನ್-ಟು-ಮ್ಯಾನ್‌ನಲ್ಲಿ ಶಾಟ್ ಹೋದಾಗ ಯಾರನ್ನ ತಡೀಬೇಕು ಅಂತ ಗೊತ್ತಿರುತ್ತೆ. ಝೋನ್‌ನಲ್ಲಿ ಗೊತ್ತಿರಲ್ಲ, ಎಲ್ಲರೂ ಬಾಲ್ ನೋಡ್ತಾ ನಿಲ್ತಾರೆ. ನಿಯಮ ಒಂದೇ ಇಟ್ಟುಕೊಳ್ಳಿ: ಶಾಟ್ ಹೋದ ಕ್ಷಣ ನಿಮ್ಮ ಜಾಗದಲ್ಲಿ ಯಾರಿದ್ದಾರೋ ಅವರಿಗೆ ಬೆನ್ನು ಕೊಟ್ಟು ತಡೀರಿ, ಆಮೇಲೆ ಬಾಲ್. ಬಿಟ್ಟ ಶಾಟ್ ಮಿಸ್ ಆಗಿ ರಿಬೌಂಡ್ ಅವರಿಗೇ ಸಿಕ್ರೆ, ಮೇಲೆ ಹಾಕಿದ ಗಣಿತವೆಲ್ಲ ನೀರಲ್ಲಿ ಹೋಮ.

ಎರಡನೆಯದು, ವಾಪಸ್ ಬರೋದು. ಐದು ಜನ ಜಾಗ ಸೇರೋವರೆಗೆ ಝೋನ್ ಅನ್ನೋದೇ ಇಲ್ಲ. ಎದುರಿನವರು ಓಡಿ ಬಂದು ಹಾಕ್ತಿದ್ರೆ ನಿಮ್ಮ ಸಮಸ್ಯೆ ಝೋನ್ ಆಯ್ಕೆಯದ್ದಲ್ಲ, ಓಟದ್ದು.

ಮೂರನೆಯದು, ತಡವಾಗಿ ಸರಿಯೋದು. ಬಾಲ್ ಒಬ್ಬನ ಕೈ ಬಿಟ್ಟು ಇನ್ನೊಬ್ಬನ ಕೈ ಸೇರೋ ಮಧ್ಯೆ, ಬಾಲ್ ಗಾಳಿಯಲ್ಲಿರುವಾಗಲೇ ನೀವು ಸರೀಬೇಕು. ಅವನು ಹಿಡಿದ ಮೇಲೆ ಹೊರಟ್ರೆ ಆಗಲೇ ತಡ. ಮತ್ತೆ ಕೈ ಮೇಲೆ ಇರಲಿ. ಐದು ಜನ ಕೈ ಅಗಲಿಸಿ ನಿಂತ್ರೆ ಪಾಸ್‌ನ ದಾರಿಗಳು ಅರ್ಧ ಮುಚ್ಚುತ್ತೆ, ಅದಕ್ಕೆ ದಮ್ಮೂ ಬೇಡ.

ನಾಲ್ಕನೆಯದು, ಮಾತಾಡದಿರೋದು. ಕಣ್ಣು ಬಾಲ್ ಮೇಲೆ ಇದ್ದಾಗ ಬೆನ್ನ ಹಿಂದೆ ಯಾರು ಬಂದ್ರು ಅಂತ ಹೇಳಬೇಕಾದವರು ಹಿಂದಿನವರೇ. ನಾಲ್ಕೇ ಪದ ಸಾಕು: "ಮೂಲೆ", "ಮಧ್ಯ", "ಹಿಂದೆ", "ನಂದು". ಹೊರನಾಡಿನ ಕನ್ನಡಿಗರಿಗೆ ಇಲ್ಲೊಂದು ಲಾಭ ಇದೆ: ಪುಣೆಯಲ್ಲೋ ದೆಹಲಿಯಲ್ಲೋ ಕನ್ನಡದಲ್ಲಿ ಕೂಗಿದ್ರೆ ಎದುರಿನವರಿಗೆ ಸುಳಿವು ಸಿಗಲ್ಲ. ಆದ್ರೆ ಟೀಮಲ್ಲಿ ಒಬ್ಬ ಮರಾಠಿ ಹುಡುಗ, ಒಬ್ಬ ತೆಲುಗು ಹುಡುಗ ಇದ್ರೆ ಅವರಿಗೂ ಈ ನಾಲ್ಕು ಪದ ಮೊದಲೇ ಕಲಿಸಿಬಿಡಿ. ಕಲಿಯೋಕೆ ಐದು ನಿಮಿಷ. ಕಲಿಸದೇ ಬಿಟ್ರೆ ಹ್ಯಾಂಡ್‌ಓವರ್ ಆಗದ ಮಾಡ್ಯೂಲ್ ಅವರದ್ದೇ ಆಗುತ್ತೆ, ಬೈಗುಳವೂ ಅವರಿಗೇ.

ದುರ್ಬಲ ಆಟಗಾರನನ್ನ ಎಲ್ಲಿ ನಿಲ್ಲಿಸೋದು?

"ಝೋನ್ ಸೋಮಾರಿಗಳ ಡಿಫೆನ್ಸ್, ಆಡೋಕೆ ಬರದೇ ಇರೋರನ್ನ ಮುಚ್ಚಿಡೋಕೆ ಇರೋದು" ಅನ್ನೋ ಮಾತಿದೆ. ಅರ್ಧ ನಿಜ. ಮುಚ್ಚಿಡೋಕೆ ಆಗಲ್ಲ, ಬುದ್ಧಿವಂತ ಎದುರಾಳಿ ಎರಡು ನಿಮಿಷದಲ್ಲಿ ಅವನ ಜಾಗ ಹುಡುಕಿಬಿಡ್ತಾನೆ. ಆದ್ರೆ ಮ್ಯಾನ್-ಟು-ಮ್ಯಾನ್‌ನಲ್ಲಿ ಅವನು ಇಪ್ಪತ್ತಮೂರು ವರ್ಷದ ಹುಡುಗನ ಎದುರು ಒಬ್ಬನೇ. ಪ್ರತಿ ಸಲ ಸೋತಾಗಲೂ ಎಲ್ಲರ ಕಣ್ಣು ಅವನ ಮೇಲೆ. ಝೋನ್‌ನಲ್ಲಿ ಅವನ ಎಡಕ್ಕೊಬ್ಬ, ಬಲಕ್ಕೊಬ್ಬ ಇರ್ತಾರೆ. ಅವನ ಕೆಲಸ ಚಿಕ್ಕದು, ಸ್ಪಷ್ಟ: ಈ ಜಾಗ ಬಿಡಬೇಡ, ಕೈ ಮೇಲಿಡು, ಹಿಂದೆ ಬಂದವರನ್ನ ಕೂಗಿ ಹೇಳು.

ಪ್ರತಿ ಟೀಮಲ್ಲೂ ಇಂಥವರೊಬ್ಬರು ಇರ್ತಾರೆ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಬಾಲ್‌ಗೆ ಗಾಳಿ ತುಂಬೋರು, ಮ್ಯಾಚ್ ದಿನ ಬೆಂಚಲ್ಲೇ ಉಳಿಯೋರು. ಹೊಸ ಊರಿಗೆ ಬಂದು ಆಫೀಸ್ ಬಿಟ್ಟು ಬೇರೆ ನಾಲ್ಕು ಜನರ ಪರಿಚಯ ಆಗಲಿ ಅಂತಲೇ ಕೋರ್ಟಿಗೆ ಬಂದಿರ್ತಾರೆ. 2-3ರಲ್ಲಿ ಕೆಳಗಿನ ಸಾಲಿನ ಒಂದು ಬದಿ, ಎದುರಿನವರು ಕಮ್ಮಿ ಬಳಸೋ ಬದಿ, ಅವರಿಗೆ ಕೊಡಿ. ಪಕ್ಕದಲ್ಲಿ ನಿಮ್ಮ ಸೆಂಟರ್, ಮುಂದೆ ನಿಮ್ಮ ಒಳ್ಳೆ ಗಾರ್ಡ್ ಇರಲಿ. ಎರಡು ಕ್ವಾರ್ಟರ್‌ಗಳಲ್ಲಿ ನಾಲ್ಕೈದು ನಿಮಿಷ ಅವರು ಆಡಿದ್ರೆ ಉಳಿದವರ ಕಾಲಿಗೆ ಅಷ್ಟು ವಿಶ್ರಾಂತಿ. ಕೊನೇ ಕ್ವಾರ್ಟರ್‌ನಲ್ಲಿ ಅದೇ ನಾಲ್ಕೈದು ನಿಮಿಷ ನಿಮ್ಮನ್ನ ಕಾಪಾಡುತ್ತೆ.

ಒಂದು ಗಂಟೆಯ ಪ್ರಾಕ್ಟೀಸ್

ಮೊದಲ ಹದಿನೈದು ನಿಮಿಷ ಬಾಲ್ ಇಲ್ಲದೆ: ಒಬ್ಬರು ಬೆರಳು ತೋರಿಸಿ "ವಿಂಗ್, ಮೂಲೆ, ಮೇಲೆ, ಆ ಕಡೆ ವಿಂಗ್" ಅಂತ ಹೇಳಲಿ, ಐದು ಜನ 2-3ರಲ್ಲಿ ಸರಿಯಲಿ. ಮುಂದಿನ ಹದಿನೈದು ನಿಮಿಷ ಬಾಲ್ ಜೊತೆ, ಆದ್ರೆ ಶೂಟ್ ಮಾಡೋ ಹಾಗಿಲ್ಲ, ಪಾಸ್ ಮಾತ್ರ. ಜನ ಕಮ್ಮಿ ಇದ್ರೆ ಮೂರು ಜನ ಪಾಸ್ ಮಾಡಿದ್ರೂ ಸಾಕು. ಆಮೇಲೆ ಇಪ್ಪತ್ತು ನಿಮಿಷ ಶೂಟ್ ಮತ್ತು ರಿಬೌಂಡ್. ಡಿಫೆನ್ಸ್‌ಗೆ ರಿಬೌಂಡ್ ಸಿಗೋವರೆಗೆ ಆ ಪೊಸೆಷನ್ ಮುಗಿಯಲ್ಲ. ಕೊನೆ ಹತ್ತು ನಿಮಿಷ, ಒಂದು ಕೂಗಿಗೆ 2-3ರಿಂದ 1-3-1ಕ್ಕೆ, ಇನ್ನೊಂದು ಕೂಗಿಗೆ ವಾಪಸ್. ಒಂದು ಝೋನ್ ಚೆನ್ನಾಗಿ, ಇನ್ನೊಂದು ತಕ್ಕಮಟ್ಟಿಗೆ ಬಂದ್ರೆ ನಮ್ಮ ಮಟ್ಟಕ್ಕೆ ಧಾರಾಳ. ನಾಲ್ಕು ಝೋನ್ ಅರ್ಧಂಬರ್ಧ ಕಲಿತರೆ ಮ್ಯಾಚಲ್ಲಿ ಒಂದೂ ನೆನಪಿಗೆ ಬರಲ್ಲ.

ಮುಂದಿನ ಮ್ಯಾಚಿಗೆ ಇಷ್ಟು ಮಾಡಿ ಸಾಕು: 2-3ರಿಂದ ಶುರು, ಬೆಂಚಿನವರ ಕೈಗೆ ಹಾಳೆ, ಮೊದಲ ಬ್ರೇಕಲ್ಲಿ ಆ ಹಾಳೆ ನೋಡಿ ತೀರ್ಮಾನ. ಗುರುತುಗಳು ಮೇಲೆ ಮತ್ತು ವಿಂಗ್‌ನಲ್ಲಿ ಗುಂಪಾಗಿದ್ರೆ 3-2. ಫ್ರೀ ಥ್ರೋ ಗೆರೆ ಹತ್ರ ಇದ್ರೆ 2-1-2. ಎಲ್ಲಾ ಒಂದೇ ಜರ್ಸಿ ನಂಬರ್ ಆಗಿದ್ರೆ ಬಾಕ್ಸ್-ಅಂಡ್-ಒನ್. ಹಾಳೆ ತುಂಬ ಹೊರಗಿನ ಸೊನ್ನೆಗಳೇ ಇದ್ರೆ ಏನೂ ಬದಲಿಸಬೇಡಿ, ನೀರು ಕುಡಿದು ವಾಪಸ್ ಅದೇ ಜಾಗಕ್ಕೆ ಹೋಗಿ ನಿಲ್ಲಿ.

ನಿಮ್ಮ ಟೀಮಲ್ಲಿ ಯಾರು ಯಾರಿದ್ದಾರೆ, ಎದುರಿನವರು ಹೇಗೆ ಆಡ್ತಾರೆ ಅಂತ ಕಾಮೆಂಟಲ್ಲಿ ಬರೀರಿ. ಮುಂದಿನ ಸಲ ಇದರ ಇನ್ನೊಂದು ಮುಖ: ಎದುರಿನವರು ಝೋನ್ ಹಾಕಿದ್ರೆ ಒಡೆಯೋದು ಹೇಗೆ.